ಕೆರೆಯ ಬಾತು, ಮನೆಯ ಬಾತು



"ಕೆರೆಯಲ್ಲಿ ಈಜುವ ಬಾತೂ ಮನೆಯಲ್ಲಿ ಸಾಕುವ ಬಾತೂ ಒಂದೇನಾ? ಒಂದೇ ಆದ್ರೆ ಕೆರೆಯಲ್ಲಿ ಇರೋದನ್ನೇ ಹಿಡಿದು ತಂದು ಸಾಕಬಹುದಲ್ಲ?"

ಹೀಗೆ ಕೇಳುವವರು ಬಹಳ ಮಂದಿ. ಒಳ್ಳೆಯ ಪ್ರಶ್ನೆ. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಬಹುದು: ಎರಡೂ ದಾಯಾದಿಗಳು, ಆದರೆ ಒಂದೇ ಅಲ್ಲ. ಕೆರೆಯದನ್ನು ಹಿಡಿಯುವುದು ಅಪರಾಧ. ಆದರೆ ಒಂದೇ ಮಾತಿನಲ್ಲಿ ಮುಗಿಸುವ ವಿಷಯ ಇದಲ್ಲ. ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮ ಕೆರೆಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಈ ನಾಲ್ಕೂ ತಾಲೂಕು ಮೊದಲು ಕೋಲಾರ ಜಿಲ್ಲೆಯಲ್ಲಿದ್ದವು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯಿತು. ನಂದಿ ಬೆಟ್ಟದ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ ನದಿಗಳು ಹುಟ್ಟುತ್ತವೆ. ಹುಟ್ಟುವುದು ಇಲ್ಲೇ ಆದರೂ ವರ್ಷವಿಡೀ ಹರಿಯುವ ನೀರು ನಮ್ಮ ಪಾಲಿಗಿಲ್ಲ. ಅದಕ್ಕೇ ಹಿರಿಯರು ಊರೂರಿಗೂ ಕೆರೆ ಕಟ್ಟಿದರು. ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಊರಿನ ಕೆರೆಗೆ ಹೋಗುತ್ತೆ. ತೂಬು ಎತ್ತಿದರೆ ಅಚ್ಚುಕಟ್ಟಿಗೆ ಹೋಗುತ್ತೆ. ನೀರಿದ್ದ ಕಡೆ ಹಕ್ಕಿ ಇರುತ್ತೆ.

ಬಹಳ ವರ್ಷ ಈ ಕೆರೆಗಳು ಒಣಗಿದ್ದವು. ಕೆಲವು ಕಡೆ ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು, ಕೆಲವು ಕಡೆ ಒತ್ತುವರಿ ಆಯಿತು. ಆಮೇಲೆ ಬೆಂಗಳೂರಿನ ಹೆಬ್ಬಾಳ, ನಾಗವಾರ ಕಡೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಪೈಪಿನಲ್ಲಿ ತಂದು ಇಲ್ಲಿನ ಕೆರೆಗಳಿಗೆ ತುಂಬಿಸುವ ಯೋಜನೆ ಬಂತು. 2020ರ ಹೊತ್ತಿಗೆ ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಆ ನೀರು ಬಂತು. 2021ರ ಕೊನೆಯಲ್ಲಿ ಜೋರು ಮಳೆಯೂ ಆಯಿತು. ಎಷ್ಟೋ ವರ್ಷದಿಂದ ಕೋಡಿ ಬೀಳದ ಕೆರೆಗಳೂ ಆಗ ಕೋಡಿ ಬಿದ್ದವು. ಪೈಪಿನಲ್ಲಿ ಬರುವ ನೀರು ಅಂತರ್ಜಲ ಏರಲಿ ಅಂತ ಬಿಡುವ ನೀರು. ಅದನ್ನು ಕುಡಿಯಬಾರದು. ಮೂರನೇ ಹಂತದ ಶುದ್ಧೀಕರಣವೂ ಆಗಬೇಕು ಅಂತ ರೈತ ಸಂಘಟನೆಗಳು ಕೇಳುತ್ತಾ ಬಂದಿವೆ. ಆ ಕೇಳಿಕೆ ನ್ಯಾಯವಾದದ್ದು ಅಂತ ನಮಗೂ ಅನ್ನಿಸುತ್ತೆ. ಬಾತು ಸಾಕುವವರಿಗೂ ಈ ಮಾತು ಸಂಬಂಧಿಸಿದ್ದೇ. ಯಾಕೆ ಅಂತ ಮುಂದೆ ಹೇಳುತ್ತೇವೆ.

ಕೆರೆಯಲ್ಲಿ ಯಾರು ಯಾರು?

ನೀರಲ್ಲಿ ತೇಲುವುದೆಲ್ಲ ಬಾತು ಅಲ್ಲ. ಕಪ್ಪಗೆ ದುಂಡಗೆ ಇದ್ದು, ಹಣೆಯಲ್ಲಿ ಬಿಳಿ ನಾಮ ಹಾಕಿಕೊಂಡ ಹಾಗೆ ಕಾಣುವುದು ನಾಮದ ಕೋಳಿ. ಅದರ ಕೊಕ್ಕು ಚೂಪು, ಬಾತಿನ ಕೊಕ್ಕಿನ ಹಾಗೆ ಚಪ್ಪಟೆ ಅಲ್ಲ. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ನೋಡ್ತಾ ನೋಡ್ತಾ ಇದ್ದ ಹಾಗೇ ಬುಳುಕ್ ಅಂತ ಮುಳುಗಿ ಇನ್ನೆಲ್ಲೋ ಏಳುವುದು ಗುಳುಮುಳುಕ. ಇದು ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಈಜುತ್ತೆ. ಕಪ್ಪಗೆ ಇದ್ದು, ಮೀನು ಹಿಡಿದು ಬಂದು ಬಂಡೆಯ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದು ನೀರುಕಾಗೆ. ದನದ ಹಿಂದೆ ಹಿಂದೆ ಬಿಳಿಯಾಗಿ ಓಡಾಡುವುದು ಗೋವಕ್ಕಿ.

ತಾವರೆ ಎಲೆಯ ಮೇಲೆ ಉದ್ದ ಬೆರಳು ಊರಿ ನಡೆಯುವ ಹಕ್ಕಿಯೂ ಒಂದಿದೆ. ಅದನ್ನು ತಾವರೆ ಹಕ್ಕಿ ಅನ್ನುತ್ತಾರೆ. ಅದರ ಸಂಸಾರ ಕೇಳಿದರೆ ನಗು ಬರುತ್ತೆ. ಹೆಣ್ಣು ಮೊಟ್ಟೆ ಇಟ್ಟು ಹೊರಟುಹೋಗುತ್ತೆ. ಕಾವು ಕೂರುವುದು, ಮರಿ ನೋಡಿಕೊಳ್ಳುವುದು ಎಲ್ಲ ಗಂಡಿನದೇ ಕೆಲಸ!

ಇನ್ನು ನಿಜವಾದ ಕಾಡು ಬಾತುಗಳು. ವರ್ಷವಿಡೀ ನಮ್ಮ ಕಡೆಯೇ ಇರುವುದು ವರಟೆ. ಮೈ ಕಂದು, ಮೇಲೆಲ್ಲ ಚುಕ್ಕೆ. ಕೊಕ್ಕು ಕಪ್ಪು, ತುದಿ ಮಾತ್ರ ಹಳದಿ, ಅದಕ್ಕೆ ಅರಿಸಿನ ಹಚ್ಚಿದಂತೆ. ಕೊಕ್ಕಿನ ಬುಡದಲ್ಲಿ ಎರಡು ಕೆಂಪು ಬೊಟ್ಟು. ಮಳೆಗಾಲದಲ್ಲಿ ಕೆರೆ ಅಂಚಿನ ಹುಲ್ಲಿನೊಳಗೆ ಗೂಡು ಮಾಡುತ್ತೆ. ಶಿಳ್ಳೆ ಹಾಕುತ್ತಾ ಹಾರುವುದು ಶಿಳ್ಳೆ ಬಾತು. ಅದು ಮರದ ಪೊಟರೆಯಲ್ಲೂ ಮೊಟ್ಟೆ ಇಡುತ್ತೆ.

ಉಳಿದವು ನೆಂಟರು. ದೀಪಾವಳಿ ಕಳೆದು ಚಳಿ ಹತ್ತಿದಾಗ ಬರುತ್ತವೆ, ಬಿಸಿಲು ಏರಿದಾಗ ಹೋಗುತ್ತವೆ. ಬಿಳಿ ಹುಬ್ಬಿನದು ಒಂದು, ಸೂಜಿಯಂತೆ ಬಾಲ ಇರುವುದು ಒಂದು, ಸಲಿಕೆಯಂತೆ ಅಗಲ ಕೊಕ್ಕಿನದು ಒಂದು. ಇವು ಬರುವುದು ಮಧ್ಯ ಏಷ್ಯಾ, ಸೈಬೀರಿಯಾದಂಥ ದೂರದ ದೇಶಗಳಿಂದ. ಅಲ್ಲಿ ಚಳಿಗಾಲದಲ್ಲಿ ಕೆರೆಯ ನೀರು ಗಟ್ಟಿ ಮಂಜುಗಡ್ಡೆ ಆಗಿಬಿಡುತ್ತೆ. ಮೇವು ಸಿಗುವುದಿಲ್ಲ. ಅದಕ್ಕೆ ಗುಳೆ ಹೊರಡುತ್ತವೆ. ಹಗಲು ಚಿಕ್ಕದಾಗುವುದನ್ನು ನೋಡಿ ಹೊರಡುವ ಕಾಲ ತಿಳಿಯುತ್ತವೆ. ರಾತ್ರಿ ಹಾರುವಾಗ ನಕ್ಷತ್ರ ನೋಡಿ ದಾರಿ ಹಿಡಿಯುತ್ತವೆ. ಕೂಲಿಗೆ ಅಂತ ಊರು ಬಿಟ್ಟು ಹೋಗಿ ಬರುವವರಿಗೆ ಈ ಹಕ್ಕಿಗಳ ಕಷ್ಟ ಬೇಗ ಅರ್ಥವಾಗುತ್ತೆ.

ಬಾತಿಗಿಂತ ದೊಡ್ಡದು ಹೆಬ್ಬಾತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಂಡು ಹಿಂಡಾಗಿ ಬರುತ್ತವೆ. ಟಿಬೆಟ್, ಮಂಗೋಲಿಯಾ ಕಡೆಯವು. ಹಿಮಾಲಯ ಪರ್ವತವನ್ನೇ ಹಾರಿ ದಾಟಿ ಬರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುತ್ತೆ, ಅದೇ ಗುರುತು. 2024ರಲ್ಲಿ ಮಾಗಡಿ ಕೆರೆ ಜಗತ್ತಿನ ಮುಖ್ಯ ಜಲಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಗಡಿಯಾಚೆ ವೀರಾಪುರ

ಅಷ್ಟು ದೂರ ಯಾಕೆ, ಬಾಗೇಪಲ್ಲಿ ಕಡೆಯಿಂದ ಆಂಧ್ರದ ಗಡಿ ದಾಟಿದರೆ ಚಿಲಮತ್ತೂರು ಮಂಡಲದಲ್ಲಿ ವೀರಾಪುರ ಅಂತ ಒಂದು ಹಳ್ಳಿ ಇದೆ. ಗೌರಿಬಿದನೂರಿನವರಿಗೆ ಹಿಂದೂಪುರದ ಸಂತೆ ಗೊತ್ತು, ಈ ಊರೂ ಅದೇ ಸೀಮೆ. ಅಲ್ಲಿ ಮನೆಗಳ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಪ್ರತಿ ವರ್ಷ ಗೂಡು ಕಟ್ಟುತ್ತವೆ. ವರ್ಷದ ಮೊದಲ ತಿಂಗಳುಗಳಲ್ಲಿ ಬಂದು, ಮೊಟ್ಟೆ ಇಟ್ಟು, ಮರಿ ದೊಡ್ಡದು ಮಾಡಿ, ಮಳೆಗಾಲದಲ್ಲಿ ಹೊರಡುತ್ತವೆ. ಕೆಳಗೆ ಜನ ಓಡಾಡುತ್ತಾರೆ, ದನ ಕಟ್ಟಿರುತ್ತಾರೆ, ಮಕ್ಕಳು ಆಡುತ್ತವೆ. ಮೇಲೆ ಕೊಕ್ಕರೆ ಸಂಸಾರ. ತವರಿಗೆ ಬಾಣಂತನಕ್ಕೆ ಬಂದ ಮಗಳನ್ನು ನೋಡಿಕೊಳ್ಳುವ ಹಾಗೆ ಊರವರು ನೋಡಿಕೊಳ್ಳುತ್ತಾರೆ. ಯಾರೂ ಕಲ್ಲು ಹೊಡೆಯುವುದಿಲ್ಲ.

ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲೂ ಹೀಗೇ. ಅಲ್ಲಿ ಹೆಜ್ಜಾರ್ಲೆಗಳೂ ಬರುತ್ತವೆ. ಹಕ್ಕಿಯ ಹಿಕ್ಕೆ ಹೊಲಕ್ಕೆ ಒಳ್ಳೆ ಗೊಬ್ಬರ. ಇಂಥ ಊರುಗಳಲ್ಲಿ ಹಕ್ಕಿ ಉಳಿಯುವುದು ಬರೀ ಮರದಿಂದ ಅಲ್ಲ. ಸುತ್ತಲಿನ ಕೆರೆಗಳಲ್ಲಿ ಮೀನು ಇರಬೇಕು. ಮರ ಒಂದು ಊರಿನದು, ನೀರು ಹತ್ತಾರು ಊರಿನದು. ಗಡಿಯ ಈಚೆ ನಮ್ಮ ಕೆರೆ ಒಣಗಿದರೆ ಗಡಿಯಾಚೆಯ ಮರಿಗೂ ಊಟ ಇಲ್ಲ.

ಕೆರೆಯದನ್ನು ಹಿಡಿಯಬಾರದು ಅಂದೆವಲ್ಲ. 1972ರ ವನ್ಯಜೀವಿ ರಕ್ಷಣಾ ಕಾಯ್ದೆ ಪ್ರಕಾರ ಕಾಡು ಬಾತನ್ನು ಹಿಡಿಯುವುದು, ಕೊಲ್ಲುವುದು, ಅದರ ಮೊಟ್ಟೆ ತೆಗೆಯುವುದು ಅಪರಾಧ. ಜೈಲು, ದಂಡ ಎರಡೂ ಆಗಬಹುದು. ಕಾನೂನು ಆಚೆಗಿರಲಿ, ಹಿಡಿದು ತಂದರೂ ಲಾಭವಿಲ್ಲ. ವರಟೆ ನಮ್ಮ ಹಿತ್ತಲಲ್ಲಿ ನಿಲ್ಲುವುದಿಲ್ಲ, ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಮೊಟ್ಟೆ ಇಡುತ್ತೆ. ಕೆರೆಯಲ್ಲಿ ಮೀನಿನ ಬಲೆ ಬಿಟ್ಟವರು ಹಳೇ ಬಲೆಯನ್ನು ಅಲ್ಲೇ ಬಿಸಾಕಬೇಡಿ. ನೈಲಾನ್ ದಾರ ಕಾಲಿಗೆ ಸಿಕ್ಕಿಕೊಂಡು ಎಷ್ಟೋ ಹಕ್ಕಿ ಸಾಯುತ್ತವೆ.

ಬಾತು ಯಾಕೆ ನೆನೆಯಲ್ಲ?

ಕೆಸುವಿನ ಎಲೆಯ ಮೇಲೆ ನೀರು ನಿಲ್ಲುವುದಿಲ್ಲ, ನೋಡಿದ್ದೀರಿ. ಬಾತಿನ ಗರಿಯೂ ಹಾಗೇ. ಬಾಲದ ಬುಡದಲ್ಲಿ ಒಂದು ಎಣ್ಣೆಯ ಗ್ರಂಥಿ ಇದೆ. ಬಾತು ಕೊಕ್ಕನ್ನು ಅಲ್ಲಿಗೆ ಒತ್ತಿ, ಎಣ್ಣೆ ತೆಗೆದು ಮೈಗೆಲ್ಲ ಬಳಿದುಕೊಳ್ಳುತ್ತೆ. ನಾವು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಳ್ಳುವ ಹಾಗೆ. ಒಳಗಿನ ಮೆತ್ತನೆ ತುಪ್ಪಳ ಒಣಗೇ ಇರುತ್ತೆ.

ಕಾಲಿನ ಬೆರಳುಗಳ ನಡುವೆ ಚರ್ಮ ಇದೆ, ಅದೇ ಹುಟ್ಟು. ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಸಾಲು ಇದೆ. ಕೆಸರು ನೀರನ್ನು ಬಾಯಿಗೆ ತುಂಬಿಕೊಂಡು ಆ ಸಾಲಿನಿಂದ ಹೊರಗೆ ಬಿಡುತ್ತೆ. ನೀರು ಹೋಗುತ್ತೆ, ಹುಳ, ಬೀಜ ಒಳಗೆ ಉಳಿಯುತ್ತೆ. ನಾವು ಜರಡಿ ಹಿಡಿಯುವುದೂ ಇದೇ ಕೆಲಸ.

ಒಂದು ಮಾತು ನೆನಪಿಡಿ. ಪುಟ್ಟ ಮರಿಗೆ ಮೊದಮೊದಲು ತನ್ನ ಎಣ್ಣೆ ಸಾಲದು. ತಾಯಿಯ ಹೊಟ್ಟೆಯ ಕೆಳಗೆ ಮಲಗಿ ಅವಳ ಎಣ್ಣೆಯನ್ನು ಮೈಗೆ ಹಚ್ಚಿಕೊಳ್ಳುತ್ತೆ. ತಾಯಿ ಇಲ್ಲದೆ ಯಂತ್ರದಲ್ಲಿ ಹುಟ್ಟಿದ ಮರಿಯನ್ನು "ಬಾತು ಅಲ್ವಾ, ಈಜಲಿ" ಅಂತ ನೀರಿಗೆ ಬಿಟ್ಟರೆ ಮೈ ನೆನೆದು, ಚಳಿ ಹಿಡಿದು ಸಾಯುತ್ತೆ.

ಮನೆಯ ಬಾತು ಎಲ್ಲಿಂದ ಬಂತು?

ಸಾವಿರಾರು ವರ್ಷದ ಹಿಂದೆ ಏಷ್ಯಾ ಖಂಡದ ಜನ ಒಂದು ಕಾಡು ಬಾತನ್ನು ಪಳಗಿಸಿದರು. ಅದರ ಗಂಡಿಗೆ ಹೊಳೆಯುವ ಹಸಿರು ತಲೆ. ಆ ಕಾಡು ಬಾತು ದಕ್ಷಿಣದ ನಮ್ಮ ಕಡೆ ಬರುವುದು ಬಹಳ ಅಪರೂಪ. ನಮ್ಮ ಕೆರೆಯ ವರಟೆ ಅದರ ಹತ್ತಿರದ ದಾಯಾದಿ. ಕೆಂಪು ಮುಖದ ಮೇಲೆ ಗಂಟು ಗಂಟು ಇರುವ, ದಪ್ಪನೆಯ ಇನ್ನೊಂದು ಬಾತನ್ನೂ ಕೆಲವರು ಸಾಕುತ್ತಾರೆ. ಅದು ಅಮೆರಿಕ ಖಂಡದ್ದು, ಬೇರೆಯೇ ಜಾತಿ. ಅದಕ್ಕೆ ಮಸ್ಕವಿ ಅಂತ ಹೆಸರು. ಎರಡಕ್ಕೂ ಸೇರಿ ಮರಿ ಆದರೆ ಆ ಮರಿಗೆ ಹೇಸರಗತ್ತೆಯ ಹಾಗೆ ಸಂತಾನ ಇರುವುದಿಲ್ಲ.

ಮೊಟ್ಟೆಗೆ ಹೆಸರಾದ ತಳಿ ಖಾಕಿ ಕ್ಯಾಂಪ್‌ಬೆಲ್. ಇದನ್ನು ಬೆಳೆಸಿದ್ದು ಒಬ್ಬ ಹೆಂಗಸು. ಇಂಗ್ಲೆಂಡಿನ ಅಡೀಲ್ ಕ್ಯಾಂಪ್‌ಬೆಲ್ ಅನ್ನುವಾಕೆ ಬೇರೆ ಬೇರೆ ಬಾತು ಕೂಡಿಸಿ 1900ರ ಸುಮಾರಿಗೆ ಈ ತಳಿ ಮಾಡಿದಳು. ಬಣ್ಣ ಸೈನಿಕರ ಉಡುಪಿನ ಹಾಗೆ ಇದ್ದದ್ದರಿಂದ ಖಾಕಿ ಅಂತ ಹೆಸರಿಟ್ಟಳು. ಖಾಕಿ ಅನ್ನುವುದು ಇಂಗ್ಲೀಷ್ ಮಾತಲ್ಲ, ನಮ್ಮ ದೇಶದಿಂದಲೇ ಅಲ್ಲಿಗೆ ಹೋದ ಮಾತು, ಮಣ್ಣಿನ ಬಣ್ಣ ಅಂತ ಅರ್ಥ. ಚೆನ್ನಾಗಿ ನೋಡಿಕೊಂಡರೆ ಈ ಬಾತು ವರ್ಷಕ್ಕೆ 300 ಮೊಟ್ಟೆಯವರೆಗೂ ಇಡುತ್ತೆ. ನಾಟಿ ಬಾತು ಅದರ ಅರ್ಧದಷ್ಟೂ ಇಡುವುದಿಲ್ಲ. ಆದರೆ ನಾಟಿ ಬಾತು ಮೇವು ತಾನೇ ಹುಡುಕಿಕೊಳ್ಳುತ್ತೆ, ಆರೈಕೆ ಕಡಿಮೆ ಸಾಕು.

1981ರಲ್ಲಿ ಕೇಂದ್ರ ಸರ್ಕಾರ ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಬಾತುಕೋಳಿ ತಳಿ ಕೇಂದ್ರ ಆರಂಭಿಸಿತು. ಈಗ ಅದು ಅಲ್ಲಿನ ಕೇಂದ್ರೀಯ ಕೋಳಿ ಅಭಿವೃದ್ಧಿ ಮತ್ತು ತರಬೇತಿ ಸಂಸ್ಥೆಯಲ್ಲಿ ಸೇರಿದೆ. ಮರಿ ಬೇಕಾದವರು ಸುಮ್ಮನೆ ಬಸ್ ಹತ್ತಿ ಹೋಗಬೇಡಿ. ಮೊದಲು ಒಂದು ಕಾಗದ ಬರೆಯಿರಿ, ಇಲ್ಲವೇ ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಬರೆಯೋದು ಕಲಿತದ್ದು ಇಂಥದಕ್ಕೆ ತಾನೆ?

ಸಾಕುವುದು ಹೇಗೆ?

ಬಾತು ಸಾಕಲು ಕೆರೆಯೇ ಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಬೇಕಿಲ್ಲ. ತಲೆ ಪೂರ್ತಿ ಮುಳುಗಿಸಿ ಕಣ್ಣು, ಮೂಗಿನ ತೂತು ತೊಳೆದುಕೊಳ್ಳುವಷ್ಟು ಆಳದ ನೀರು ಇದ್ದರೆ ಸಾಕು. ಒಂದು ಹಳೇ ಬಾಣಲೆ, ಒಡೆದ ತೊಟ್ಟಿ ಆದರೂ ಆಗುತ್ತೆ. ಮೂಗು ತೊಳೆಯಲು ನೀರಿಲ್ಲದಿದ್ದರೆ ಕಣ್ಣು ಅಂಟಿಕೊಳ್ಳುತ್ತೆ.

ಮರಿಗಳನ್ನು ಮೊದಲ ಮೂರು ನಾಲ್ಕು ವಾರ ಬೆಚ್ಚಗೆ ಇಡಬೇಕು. ಬುಟ್ಟಿಯ ಮೇಲೆ ಬಲ್ಬು ತೂಗು ಹಾಕಿ. ಮರಿಗಳೆಲ್ಲ ಒಂದೇ ಕಡೆ ಒತ್ತೊತ್ತಾಗಿ ಸೇರಿದರೆ ಚಳಿ ಅಂತ ತಿಳಿಯಿರಿ. ದೂರ ದೂರ ಹೋಗಿ ಬಾಯಿ ತೆರೆದರೆ ಸೆಕೆ ಅಂತ ತಿಳಿಯಿರಿ. ಮೇವು ಒಣ ಹಿಟ್ಟಾಗಿ ಕೊಡಬೇಡಿ, ಗಂಟಲಿಗೆ ಹಿಡಿಯುತ್ತೆ. ನೀರು ಚಿಮುಕಿಸಿ ಉದುರುದುರಾಗಿ ಕಲಸಿ ಕೊಡಿ. ಪಕ್ಕದಲ್ಲೇ ನೀರಿರಲಿ. ಆ ನೀರಿನ ತಟ್ಟೆ ಕೊಕ್ಕು ಮುಳುಗುವಷ್ಟೇ ಇರಲಿ, ಮರಿ ಇಳಿಯುವಷ್ಟು ಅಗಲ ಬೇಡ.

ದೊಡ್ಡ ಬಾತಿಗೆ ರಾತ್ರಿ ಒಂದು ಗೂಡು ಬೇಕು. ಒಂದಕ್ಕೆ ಮೂರು ಚದರ ಅಡಿ ಜಾಗ ಸಾಕು. ನೆಲ ಒಣಗಿರಬೇಕು. ನೀರಿನ ಹಕ್ಕಿ ಆದರೂ ಮಲಗುವ ಜಾಗ ಒದ್ದೆ ಆದರೆ ಬಾತಿಗೆ ಆಗುವುದಿಲ್ಲ. ನಾಯಿ, ಮುಂಗುಸಿ, ಕಾಡುಬೆಕ್ಕು ನುಗ್ಗದಂತೆ ಬಾಗಿಲು ಭದ್ರ ಮಾಡಿ.

ಗಂಡು ಯಾವುದು, ಹೆಣ್ಣು ಯಾವುದು? ಗಂಡಿನ ಬಾಲದ ಮೇಲೆ ಒಂದೆರಡು ಗರಿ ಸುರುಳಿ ಸುತ್ತಿರುತ್ತೆ. ಹೆಣ್ಣು ಜೋರಾಗಿ ಕ್ವಾಕ್ ಕ್ವಾಕ್ ಅನ್ನುತ್ತೆ. ಗಂಡಿನ ದನಿ ನೆಗಡಿ ಆದವರ ಹಾಗೆ ಒಡಕು. ಆರೇಳು ಹೆಣ್ಣಿಗೆ ಒಂದು ಗಂಡು ಸಾಕು. ಬರೀ ಮೊಟ್ಟೆ ಮಾರುವುದಾದರೆ ಗಂಡೇ ಬೇಡ, ಗಂಡಿಲ್ಲದೆಯೂ ಹೆಣ್ಣು ಮೊಟ್ಟೆ ಇಡುತ್ತೆ. ಆ ಮೊಟ್ಟೆಯಿಂದ ಮರಿ ಆಗುವುದಿಲ್ಲ, ಅಷ್ಟೇ.

ಒಳ್ಳೆ ತಳಿ ನಾಲ್ಕೂವರೆ, ಐದು ತಿಂಗಳಿಗೆ ಮೊಟ್ಟೆ ಶುರು ಮಾಡುತ್ತೆ. ಬಾತು ಮೊಟ್ಟೆ ಇಡುವುದು ಬೆಳಗಿನ ಜಾವ, ಹೆಚ್ಚೆಂದರೆ ಒಂಬತ್ತು ಗಂಟೆಯೊಳಗೆ. ಬೆಳಕು ಹರಿದ ಕೂಡಲೇ ಬಿಟ್ಟರೆ ಕೆರೆ ಅಂಚಿನಲ್ಲೋ ಬೇಲಿ ಸಂದಿಯಲ್ಲೋ ಇಟ್ಟು ಬರುತ್ತೆ. ಅದು ನಾಯಿ ಪಾಲು. ಒಂಬತ್ತರವರೆಗೆ ಗೂಡಿನಲ್ಲೇ ಇಟ್ಟು ಆಮೇಲೆ ಬಿಡಿ.

ಮೇವು, ಮತ್ತು ಬೂಷ್ಟಿನ ವಿಷ

ಬಾತು ಏನು ತಿನ್ನುತ್ತೆ ಅನ್ನುವುದಕ್ಕಿಂತ ಏನು ತಿನ್ನುವುದಿಲ್ಲ ಅಂತ ಕೇಳುವುದು ಸುಲಭ. ಹುಲ್ಲು, ಸೊಪ್ಪು, ಹುಳ, ಬಸವನಹುಳು, ನೆನೆಸಿದ ರಾಗಿ, ಉಳಿದ ಮುದ್ದೆ, ಭತ್ತದ ಗದ್ದೆಯಲ್ಲಿ ಉದುರಿದ ಕಾಳು. ತಮಿಳುನಾಡು, ಆಂಧ್ರ ಕಡೆ ನೂರಾರು ಬಾತು ಹೊಡೆದುಕೊಂಡು ಕೊಯ್ಲಾದ ಗದ್ದೆಯಿಂದ ಗದ್ದೆಗೆ ಹೋಗುವವರಿದ್ದಾರೆ, ಕುರಿ ಹಿಂಡಿನ ಹಾಗೆ. ಬಸವನಹುಳು ತಿನ್ನುವುದರಿಂದ ಕುರಿ ಮೇಕೆ ಸಾಕಿದವರಿಗೂ ಉಪಕಾರ. ಕುರಿಯ ಈಲಿಯಲ್ಲಿ ಎಲೆಯಂತೆ ಚಪ್ಪಟೆ ಹುಳ ಸೇರುತ್ತಲ್ಲ, ಅದು ಮೊದಲು ಬೆಳೆಯುವುದು ನೀರಿನ ಬಸವನಹುಳುವಿನ ಹೊಟ್ಟೆಯಲ್ಲಿ. ಔಷಧಿ ಹೊಡೆದ ಗದ್ದೆಗೆ, ತೋಟಕ್ಕೆ ಮಾತ್ರ ಬಾತು ಬಿಡಬೇಡಿ.

ಶಿಡ್ಲಘಟ್ಟದವರಿಗೆ ಇನ್ನೊಂದು ಅನುಕೂಲ ಇದೆ. ರೇಷ್ಮೆ ಗೂಡಿನಿಂದ ನೂಲು ಬಿಚ್ಚಿದ ಮೇಲೆ ಒಳಗಿನ ಹುಳ ಉಳಿಯುತ್ತೆ. ಅದರಲ್ಲಿ ಮಾಂಸದಂತೆ ಮೈ ಬೆಳೆಸುವ ಸತ್ವ ಇದೆ. ಕೋಳಿ, ಮೀನಿನ ಮೇವಿಗೂ ಹೋಗುತ್ತೆ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಪುಡಿ ಮಾಡಿ, ಬೇರೆ ಮೇವಿನ ಜೊತೆ ಸ್ವಲ್ಪ ಸ್ವಲ್ಪ ಬೆರೆಸಬೇಕು. ಹಸಿಯಾಗಿ ಗುಡ್ಡೆ ಹಾಕಿದರೆ ಒಂದೇ ದಿನದಲ್ಲಿ ನಾರುತ್ತೆ. ನಾರಿದ್ದನ್ನು ಹಾಕಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ಕಡೆ ಕಡಲೆಕಾಯಿ, ಮುಸುಕಿನ ಜೋಳ ಬೆಳೆಯುತ್ತೇವೆ. ಮಳೆಯಲ್ಲಿ ನೆನೆದದ್ದು, ಸರಿಯಾಗಿ ಒಣಗದೆ ಚೀಲಕ್ಕೆ ತುಂಬಿದ್ದು ಬೂಷ್ಟು ಹಿಡಿಯುತ್ತೆ. ಹಸಿರು ಹಳದಿ ಬಣ್ಣದ ಒಂದು ಬೂಷ್ಟು ಅದರಲ್ಲಿ ವಿಷ ಬಿಡುತ್ತೆ. ಆ ವಿಷದ ಹೆಸರು ಅಫ್ಲಟಾಕ್ಸಿನ್. "ಮನುಷ್ಯರು ತಿನ್ನಕ್ಕಾಗಲ್ಲ, ಬಾತಿಗೆ ಹಾಕೋಣ" ಅಂತ ಅನ್ನುತ್ತೇವೆ. ಸಾಕು ಹಕ್ಕಿಗಳಲ್ಲೆಲ್ಲ ಈ ವಿಷ ಅತಿ ಬೇಗ ತಾಗುವುದು ಬಾತಿನ ಮರಿಗೇ! ಕೋಳಿ ಮರಿ ತಡೆದುಕೊಳ್ಳುವಷ್ಟು ಸ್ವಲ್ಪ ವಿಷಕ್ಕೂ ಬಾತು ಮರಿ ಮೇವು ಬಿಟ್ಟು, ಕುಂಟಿ, ಸತ್ತುಹೋಗುತ್ತೆ.

ಈ ವಿಷ ಗೊತ್ತಾದದ್ದೇ ಹಕ್ಕಿಗಳಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಬಾತು ಮರಿಗಳೂ ಸತ್ತವು. ಯಾವ ರೋಗ ಅಂತ ತಿಳಿಯಲಿಲ್ಲ. ಹುಡುಕುತ್ತಾ ಹೋದರೆ ಹಡಗಿನಲ್ಲಿ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿತ್ತು. ಆಮೇಲೆ ವಿಜ್ಞಾನಿಗಳು ಮೇವಿನಲ್ಲಿ ವಿಷ ಇದೆಯೋ ಇಲ್ಲವೋ ಅಂತ ನೋಡಲು ಬಾತು ಮರಿಯ ಮೇಲೇ ಪರೀಕ್ಷೆ ಮಾಡುತ್ತಿದ್ದರು.

ಹಕ್ಕಿಯ ಮಾತಾಯಿತು, ಮನುಷ್ಯರಿಗೆ? 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಯ ಬಡ ಹಳ್ಳಿಗಳಲ್ಲಿ ಮಳೆಗೆ ನೆನೆದ ಮುಸುಕಿನ ಜೋಳ ತಿಂದು ಜನರಿಗೆ ಕಾಮಾಲೆ ಬಂತು. ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ನಾಯಿಗಳೂ ಸತ್ತವು. ಬೇಯಿಸಿದರೆ, ಹುರಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಬೂಷ್ಟು ಒರೆಸಿದರೂ ಒಳಗೆ ಇಳಿದಿರುತ್ತೆ. ಹಸುವಿಗೆ ಬೂಷ್ಟು ಹಿಂಡಿ ಹಾಕಿದರೆ ವಿಷ ಹಾಲಿಗೂ ಬರುತ್ತೆ, ಆ ಹಾಲು ಕುಡಿಯುವುದು ನಮ್ಮ ಮಕ್ಕಳೇ.

ಹಾಗಾದರೆ ಏನು ಮಾಡಬೇಕು? ಕಡಲೆಕಾಯಿ ಕಿತ್ತ ಮೇಲೆ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನುವಷ್ಟು ಒಣಗಿಸಿ. ಚೀಲವನ್ನು ಬರೀ ನೆಲದ ಮೇಲೆ ಇಡಬೇಡಿ, ಹಲಗೆಯ ಮೇಲಿಡಿ. ಗೋಡೆಗೆ ತಾಗಿಸಬೇಡಿ. ಸುಕ್ಕಿದ್ದು, ಬಣ್ಣ ಕೆಟ್ಟದ್ದು, ಕಹಿ ಬೀಜ ಆರಿಸಿ ತೆಗೆಯಿರಿ. ಆರಿಸಿದ್ದನ್ನು ಯಾವ ಬಾಯಿಗೂ ಹಾಕದೆ ಹೂತುಬಿಡಿ. ಬಾತಿನ ಗೂಡಿಗೆ ಕಡಲೆಕಾಯಿ ಹೊಟ್ಟು ಹಾಸುವಾಗಲೂ ಬೂಷ್ಟು ನೋಡಿ ಹಾಸಿ. ಅಂಗಡಿಯ ಹಿಂಡಿ ಮೂಸಿ ನೋಡಿ ತನ್ನಿ. ಮಕ್ಕು ವಾಸನೆ ಬಂದರೆ ಕಡಿಮೆ ಬೆಲೆಗೆ ಕೊಟ್ಟರೂ ಬೇಡ ಅನ್ನಿ.

ಮೊಟ್ಟೆಗೆ ಕಾವು

ಹೆಚ್ಚು ಮೊಟ್ಟೆ ಇಡುವ ತಳಿಯ ಬಾತು ಕಾವು ಕೂರುವುದಿಲ್ಲ. ಮೊಟ್ಟೆ ಹೆಚ್ಚಿಸುತ್ತಾ ಹೋಗಿ ಆ ಗುಣವನ್ನು ಮನುಷ್ಯರೇ ಕಳೆದರು. ಅದಕ್ಕೆ ಕಾವಿಗೆ ಬಂದ ನಾಟಿ ಕೋಳಿಯ ಕೆಳಗೆ ಇಡುತ್ತಾರೆ. ಬಾತಿನ ಮೊಟ್ಟೆ ದೊಡ್ಡದು, ಒಂದು ಕೋಳಿಗೆ ಎಂಟು ಹತ್ತು ಸಾಕು. ಮರಿಗೆ ಇಡುವ ಮೊಟ್ಟೆ ತೊಳೆಯಬೇಡಿ, ಕೊಳೆಯಾಗಿದ್ದರೆ ಅದನ್ನು ಬಿಟ್ಟುಬಿಡಿ. ವಾರ ಕಳೆದ ಮೇಲೆ ರಾತ್ರಿ ಬ್ಯಾಟರಿ ಬೆಳಕಿಗೆ ಹಿಡಿದು ನೋಡಿ. ಒಳಗೆ ಜೇಡನ ಕಾಲಿನಂತೆ ಕೆಂಪು ನರ ಕಂಡರೆ ಮರಿ ಇದೆ. ತಿಳಿಯಾಗಿದ್ದರೆ ಇಲ್ಲ.

ಕೋಳಿ ಮರಿಗೆ 21 ದಿನ. ಬಾತು ಮರಿಗೆ 28 ದಿನ. ಮಸ್ಕವಿಗೆ 35 ದಿನ. ಇಪ್ಪತ್ತೊಂದಕ್ಕೆ ಮರಿ ಬರಲಿಲ್ಲ ಅಂತ ಮೊಟ್ಟೆ ಎಸೆದುಬಿಟ್ಟರೆ ಕೆಟ್ಟಿತು. ಕೊನೆಯ ವಾರ ದಿನಕ್ಕೊಮ್ಮೆ ಉಗುರು ಬೆಚ್ಚಗಿನ ನೀರು ಚಿಮುಕಿಸಿ. ಬಾತು ತಾಯಿ ಒದ್ದೆ ಮೈಯಲ್ಲಿ ಬಂದು ಕೂರುತ್ತಲ್ಲ, ಅದರ ಬದಲು ಇದು. ಮರಿ ಆದ ಮೇಲೆ ಕೋಳಿಯ ಗೋಳು ಬೇರೆ. ಮರಿಗಳು ನೀರು ಕಂಡ ಕೂಡಲೇ ಇಳಿಯುತ್ತವೆ, ಇದು ದಡದಲ್ಲಿ ನಿಂತು ಕಿರುಚುತ್ತೆ.

ರೋಗ ಬಂದರೆ

ಬಾತಿಗೆ ಕೋಳಿಗಿಂತ ರೋಗ ಕಡಿಮೆ. ಬಂದರೆ ಮಾತ್ರ ಹಿಂಡೇ ಹೋಗಬಹುದು. ಬಾತಿನ ಕಾಲರಾಕ್ಕೆ ಮೂರು ನಾಲ್ಕು ವಾರದಲ್ಲಿ, ಬಾತಿನ ಪ್ಲೇಗಿಗೆ ಎಂಟರಿಂದ ಹನ್ನೆರಡು ವಾರದೊಳಗೆ ಲಸಿಕೆ ಹಾಕಿಸಬೇಕು. ಪಶು ವೈದ್ಯರನ್ನು ಕೇಳಿ. ಕೊಳೆತು ನಾರುವ ನೀರಿನಲ್ಲಿ, ಸತ್ತ ಮೀನು ಇರುವ ಕಡೆ ಬಿಟ್ಟರೆ ಇನ್ನೊಂದು ರೋಗ ಬರುತ್ತೆ. ಕತ್ತು ಎತ್ತಲಾಗದೆ ಜೋಲಿ ಬೀಳುತ್ತೆ. ಅದೂ ಒಂದು ವಿಷವೇ. ಕೆರೆಗೆ ಬರುವ ನೀರು ಎಂಥದು ಅಂತ ನಾವು ಕೇಳಬೇಕಾದದ್ದು ಇದಕ್ಕೇ.

ಇನ್ನು ಹಕ್ಕಿಜ್ವರ. 2014ರಲ್ಲಿ ಕೇರಳದ ಆಲಪ್ಪುಳ ಕಡೆ ಬಾತುಗಳಿಗೆ ಬಂದು ಲಕ್ಷಗಟ್ಟಲೆ ಹಕ್ಕಿ ಹೋದವು. 2025ರ ಮೊದಲ ತಿಂಗಳುಗಳಲ್ಲಿ ನಮ್ಮ ಚಿಕ್ಕಬಳ್ಳಾಪುರ ತಾಲೂಕಿನ ವರದಹಳ್ಳಿಯಲ್ಲೇ ಕೋಳಿಗಳು ಸತ್ತು, ಹಕ್ಕಿಜ್ವರ ಅಂತ ಖಚಿತವಾಯಿತು. ಕಾಡು ಬಾತುಗಳ ಮೈಯಲ್ಲಿ ಈ ರೋಗದ ಸೂಕ್ಷ್ಮಾಣು ಇದ್ದರೂ ಎಷ್ಟೋ ಸಲ ಅವು ಆರೋಗ್ಯವಾಗೇ ಕಾಣುತ್ತವೆ. ಅವುಗಳ ಹಿಕ್ಕೆ ಬಿದ್ದ ನೀರಿನಿಂದ ಮನೆಯ ಬಾತಿಗೆ, ಅದರಿಂದ ಕೋಳಿಗೆ ಹತ್ತುತ್ತೆ. ಅದಕ್ಕೆ ಕಾಡು ಹಕ್ಕಿಯನ್ನು ಓಡಿಸಿ, ಕೊಲ್ಲಿ ಅಂತ ಹೇಳುವುದು ತಪ್ಪು. ಓಡಿಸಿದರೆ ಅವು ರೋಗ ಹೊತ್ತು ಇನ್ನೊಂದು ಕೆರೆಗೆ ಹೋಗುತ್ತವೆ. ಮನೆಯ ಬಾತನ್ನು, ಕೋಳಿಯನ್ನು ಬೇರೆ ಬೇರೆ ಗೂಡಲ್ಲಿ ಇಡಿ. ನೆಂಟರ ಹಕ್ಕಿ ಇರುವ ಚಳಿಗಾಲದಲ್ಲಿ ಬಾತನ್ನು ಕೆರೆಗೆ ಬಿಡದೆ ಹಿತ್ತಲ ತೊಟ್ಟಿಯಲ್ಲೇ ನೀರು ಕೊಡಿ.

ಒಂದೇ ಸಲಕ್ಕೆ ಹಲವು ಹಕ್ಕಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಬಿಡಬೇಡಿ, ಸತ್ತದ್ದನ್ನು ಕೆರೆಗೋ ಚರಂಡಿಗೋ ಎಸೆಯಬೇಡಿ, ಸಾಯುವ ಮೊದಲು ಕೊಯ್ದು ತಿಂದುಬಿಡೋಣ ಅಂತಲೂ ಹೊರಡಬೇಡಿ. ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಹೇಳಿದರೆ ಎಲ್ಲ ಕೊಂದುಬಿಡ್ತಾರೆ ಅಂತ ಹೆದರಿ ಮುಚ್ಚಿಡುವವರಿದ್ದಾರೆ. ಸರ್ಕಾರ ಕೊಂದ ಹಕ್ಕಿಗೆ ಪರಿಹಾರ ಉಂಟು, ತಾನೇ ಸತ್ತದ್ದಕ್ಕೆ ಇಲ್ಲ. ಬೇಗ ಹೇಳಿದಷ್ಟೂ ಪರಿಹಾರಕ್ಕೆ ಉಳಿಯುವ ಹಕ್ಕಿ ಹೆಚ್ಚು. ಮೊಟ್ಟೆಯನ್ನು ಯಾವಾಗಲೂ ಹಳದಿ ಗಟ್ಟಿಯಾಗುವವರೆಗೆ ಬೇಯಿಸಿ ತಿನ್ನಿ. ಗೂಡು ಗುಡಿಸಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ.

ಮಾರುವುದು

2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3 ಕೋಟಿ 35 ಲಕ್ಷ ಬಾತುಗಳಿದ್ದವು. ಹೆಚ್ಚಿನವು ಪಶ್ಚಿಮ ಬಂಗಾಳ, ಅಸ್ಸಾಂ ಕಡೆ. ಅಲ್ಲಿ, ಮತ್ತೆ ಕೇರಳದಲ್ಲಿ, ಬಾತಿನ ಮೊಟ್ಟೆಗೆ ಒಳ್ಳೆ ಗಿರಾಕಿ. ನಮ್ಮ ಬಯಲುಸೀಮೆಯಲ್ಲಿ ತಿನ್ನುವವರು ಕಡಿಮೆ. ಅದನ್ನು ಮುಚ್ಚಿಟ್ಟು "ಬಾತು ಸಾಕಿ, ಸಾಹುಕಾರರಾಗಿ" ಅಂತ ನಾವು ಹೇಳುವುದಿಲ್ಲ. ಸಾಲ ತೆಗೆದು ನೂರು ಮರಿ ತರುವ ಬದಲು ಐದಾರು ಹೆಣ್ಣು ತಂದು ಒಂದು ವರ್ಷ ನೋಡಿ. ಮೊಟ್ಟೆ ಮೊದಲು ಮನೆಯ ಮಕ್ಕಳಿಗೆ. ಬಾತಿನ ಮೊಟ್ಟೆ ಕೋಳಿಯದಕ್ಕಿಂತ ದೊಡ್ಡದು, ಹೊಟ್ಟೆ ತುಂಬುತ್ತೆ. ಉಳಿದದ್ದನ್ನು ಕೇಳುವವರು ಬೆಂಗಳೂರಿನಲ್ಲಿದ್ದಾರೆ, ಅಲ್ಲಿ ಎಲ್ಲ ಸೀಮೆಯ ಜನ ಸೇರಿದ್ದಾರೆ. ಒಬ್ಬರ ಐದು ಮೊಟ್ಟೆಗೆ ಬಸ್ ಚಾರ್ಜೂ ಹುಟ್ಟುವುದಿಲ್ಲ. ಸಂಘದ ಹತ್ತು ಮನೆಯವರು ಒಟ್ಟು ಮಾಡಿ ವಾರಕ್ಕೊಮ್ಮೆ ಕಳಿಸಿದರೆ ಲೆಕ್ಕ ಕೂಡುತ್ತೆ.

ಲೆಕ್ಕ ಬಾಯಲ್ಲಿ ಬೇಡ, ಪುಸ್ತಕದಲ್ಲಿ ಇರಲಿ. ಒಂದು ಹಾಳೆಗೆ ಐದು ಗೆರೆ ಎಳೆಯಿರಿ. ತಾರೀಖು, ಎಷ್ಟು ಮೊಟ್ಟೆ, ಮನೆಗೆ ಎಷ್ಟು, ಮಾರಿದ್ದು ಎಷ್ಟು, ಬಂದ ಹಣ. ಹಿಂದಿನ ಹಾಳೆಯಲ್ಲಿ ಖರ್ಚು: ಮರಿ, ಮೇವು, ಲಸಿಕೆ, ಬಸ್ಸು. ಲಸಿಕೆ ಹಾಕಿಸಿದ ದಿನವನ್ನೂ ಅಲ್ಲೇ ಬರೆಯಿರಿ, ಮುಂದಿನ ಸಲ ವೈದ್ಯರು ಕೇಳುತ್ತಾರೆ. ಮೊಟ್ಟೆ ತಟ್ಟನೆ ಕಡಿಮೆಯಾದ ದಿನ ಪುಸ್ತಕದಲ್ಲೇ ಕಾಣುತ್ತೆ. ಆವತ್ತು ಮೇವಿನ ಚೀಲ ಬಿಚ್ಚಿ ಬೂಷ್ಟು ಇದೆಯಾ ನೋಡಿ.